ಮುಳುಗಿಸಿಟ್ಟ ದೋಣಿ

ಕಳೆದ ತಿಂಗಳು ಒಂದು ಬಾಗಿಲ ಚೌಕಟ್ಟಿನ ಸಲುವಾಗಿ ಚಿಂತಾಮಣಿಯ ಸಾ ಮಿಲ್ಲಿಗೆ ಹೋಗಿದ್ದೆ. ಆಗತಾನೇ ಒಂದು ಮುದಿ ಮಾವಿನ ದಿಮ್ಮಿಯನ್ನು ಗರಗಸಕ್ಕೆ ಕೊಟ್ಟಿದ್ದರು. ಹಸಿ ಮಾವಿನ ಹೊಟ್ಟಿಗೆ ಒಂದು ವಾಸನೆಯಿದೆ. ಅದು ಹಣ್ಣಿನದಲ್ಲ, ಹೂವಿನದೂ ಅಲ್ಲ. ಹುಳಿ ಬಂದ ಹಿಟ್ಟಿಗೂ ಒದ್ದೆ ಮಣ್ಣಿಗೂ ನಡುವಿನದು. ಅದು ಮೂಗಿಗೆ ತಾಕಿದೊಡನೆ ನನ್ನ ಬಲಗೈ ತಾನಾಗಿ ಎಡಗೈ ಹೆಬ್ಬೆರಳಿನ ಬುಡದಲ್ಲಿರುವ ಉಳಿಯ ಗಾಯದ ಕಲೆಯನ್ನು ಸವರಿತು. ಮಿಲ್ಲಿನವನಿಗೆ ನನ್ನ ಗುರುತು ಸಿಕ್ಕಿತು.

"ಏನ್ ಯಜಮಾನ್ರೇ, ಇನ್ನೊಂದು ದೋಣಿನಾ?"

"ಇಲ್ಲಪ್ಪ. ಒಂದು ಮಾಡಿದ್ದೇ ಸಾಕು," ಎಂದೆ.

ನಾಲ್ಕು ವರ್ಷದ ಹಿಂದಿನ ಆ ಹಿಂಗಾರಿನ ಬಗ್ಗೆ ನಮ್ಮೂರಿನಲ್ಲಿ ಈಗಾಗಲೇ ಎರಡು ಮೂರು ಕಥೆಗಳು ಹುಟ್ಟಿಕೊಂಡಿವೆ. ಅವುಗಳಲ್ಲಿ ಒಂದರಲ್ಲಿ ನಾನು ಸತ್ತುಹೋಗಿದ್ದೇನೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ಒಳ್ಳೆಯದೆಂದು ತೋರಿತು.

ನಮ್ಮೂರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ನಾನು ಏಳನೆಯ ತರಗತಿಯವರೆಗೆ ಓದಿ, ಶಿಡ್ಲಘಟ್ಟದಲ್ಲಿ ನಲವತ್ತು ವರ್ಷ ಕೊಳವೆಬಾವಿಯ ಮೋಟಾರುಗಳಿಗೆ ತಂತಿ ಸುತ್ತಿದವನು. ಉಳಿದ ಓದೆಲ್ಲ ಪೊಟ್ಟಣ ಕಟ್ಟಿ ಬಂದ ಪತ್ರಿಕೆಗಳಿಂದ, ರದ್ದಿ ಅಂಗಡಿಯ ಪಠ್ಯಪುಸ್ತಕಗಳಿಂದ ಮತ್ತು ಈಚೆಗೆ ಮೊಬೈಲಿನಿಂದ ಬಂದದ್ದು. ನನ್ನ ಕಸುಬಿನವನಿಗೆ ನೀರೆಂದರೆ ಸಾವಿರದಿನ್ನೂರು ಅಡಿಯ ಕೆಳಗಿನಿಂದ ಕೊಳವೆಯಲ್ಲಿ ಎಳೆದು ತರಬೇಕಾದ ವಸ್ತು. ಅದು ಕಣ್ಣೆದುರಿಗೆ, ಬಯಲಿನ ತುಂಬ ಸುಮ್ಮನೆ ಬಿದ್ದಿರುವುದನ್ನು ನಾನು ಚಿಕ್ಕಂದಿನಲ್ಲಿ ಕಂಡದ್ದು ಬಿಟ್ಟರೆ ಮತ್ತೆ ಕಂಡದ್ದು ಆ ವರ್ಷವೇ. ಮಳೆ ಬಿಡದೆ ಹೊಡೆಯಿತು, ಮೇಲಿನ ಕೆರೆಗಳು ಒಂದೊಂದಾಗಿ ತುಂಬಿ ಹರಿದವು, ಕೊನೆಗೆ ನಮ್ಮ ದೊಡ್ಡಕೆರೆಯೂ ತುಂಬಿ ಕೋಡಿ ಬಿತ್ತು. ಊರೆಲ್ಲ ಏರಿಯ ಮೇಲೆ ನಿಂತು ನೋಡಿತು. ಹೆಂಗಸರು ಅರಿಸಿನ ಕುಂಕುಮ ಹಾಕಿದರು. ಎಲ್ಲರಿಗೂ ಸಂತೋಷವೇ. ನನ್ನ ಹೆಂಡತಿ ರತ್ನಮ್ಮ ಮಾತ್ರ ಏರಿಯ ಮೇಲೆ ನಿಂತು ಆಚೆ ದಡವನ್ನೇ ನೋಡುತ್ತಿದ್ದಳು.

ನಮ್ಮ ಹಿಪ್ಪುನೇರಳೆ ತೋಟವಿದ್ದದ್ದು ಆಚೆ ದಡದಲ್ಲಿ. ನನ್ನ ಅಪ್ಪನಿಗೆ ಸರ್ಕಾರದ ದರಖಾಸ್ತಿನಲ್ಲಿ ಸಿಕ್ಕ ಒಂದೂವರೆ ಎಕರೆ ಅದು. ನಮ್ಮ ಬೀದಿಯವರಿಗೆ ಕೊಟ್ಟ ಜಮೀನುಗಳೆಲ್ಲ ಬೇರೆ ಯಾರಿಗೂ ಬೇಡವಾದ ಆ ಕಡೆಯೇ ಇದ್ದವು. ಕೆರೆ ಒಣಗಿದ್ದಷ್ಟು ವರ್ಷ ಅದರಿಂದ ನಮಗೆ ತೊಂದರೆಯಿರಲಿಲ್ಲ. ಕೆರೆಯಂಗಳದಲ್ಲಿ ಸವೆದ ಕಾಲುದಾರಿಯಲ್ಲಿ ಹತ್ತು ನಿಮಿಷ ನಡೆದರೆ ತೋಟ. ಈಗ ಆ ದಾರಿ ನೀರಿನ ತಳ ಸೇರಿತು. ಕೋಡಿಯ ಮೇಲಿನ ಮೋರಿ ಕೊಚ್ಚಿಹೋಗಿದ್ದರಿಂದ ಏರಿಯ ದಾರಿಯೂ ಮುಚ್ಚಿತು. ಉಳಿದದ್ದು ಹೆದ್ದಾರಿಗೆ ಹೋಗಿ ಎರಡು ಊರು ಸುತ್ತಿ ಬರುವ ಕೆಸರು ದಾರಿ. ನಾನು ಮೊಪೆಡ್ಡಿನಲ್ಲಿ ಆ ಸುತ್ತು ಹಾಕಿ ಎರಡು ಹೊರೆ ಸೊಪ್ಪು ತರುವಷ್ಟರಲ್ಲಿ ಅದು ಗಾಳಿಗೆ ಅರ್ಧ ಬಾಡಿರುತ್ತಿತ್ತು. ರೇಷ್ಮೆ ಹುಳು ನಾಲ್ಕನೆಯ ಜ್ವರ, ಎಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಮೇಲೆ ಒಂದು ವಾರ ಬಿಡುವಿಲ್ಲದೆ ತಿನ್ನುತ್ತದೆ. ಆ ವಾರದಲ್ಲಿ ಬಾಡಿದ ಸೊಪ್ಪನ್ನೋ ಒದ್ದೆ ಸೊಪ್ಪನ್ನೋ ಹಾಕಿದರೆ ಹುಳುವೇ ಉಳಿಯುವುದಿಲ್ಲ.

ರತ್ನಮ್ಮ ಮಾತಿಲ್ಲದೆ ತನ್ನ ದಾರಿ ಹುಡುಕಿಕೊಂಡಳು. ಕೆರೆಯ ಮೇಲ್ತುದಿಯಲ್ಲಿ ನೀರು ಕಿರಿದಾಗಿ, ಸೊಂಟದಿಂದ ಎದೆಯ ಮಟ್ಟಕ್ಕೆ ಇತ್ತು. ಅಲ್ಲಿ ಇಳಿದು, ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಎರಡೂ ಕೈಯಿಂದ ಹಿಡಿದು ದಾಟತೊಡಗಿದಳು. ಅವಳಿಗೆ ಈಜು ಬಾರದು. ನಮ್ಮ ಸೀಮೆಯಲ್ಲಿ ಯಾರಿಗೆ ಬರುತ್ತದೆ?

ಒಂದು ಮಧ್ಯಾಹ್ನ ನಾನು ಮನೆಗೆ ಬಂದಾಗ ಅವಳು ಫ್ಯಾನಿನ ಕೆಳಗೆ ಸೊಪ್ಪು ಹರವಿಕೊಂಡು ಒಂದೊಂದೇ ಎಲೆಯನ್ನು ಹಳೆಯ ಪಂಚೆಯಿಂದ ಒರೆಸುತ್ತಿದ್ದಳು. ಅವಳ ಕೂದಲೂ ಒದ್ದೆಯಾಗಿತ್ತು.

"ಸೊಪ್ಪು ಯಾಕೆ ನೆಂದೈತೆ?"

"ಜಾರಿದೆ."

"ಎಲ್ಲಿ?"

"ನೀರಲ್ಲಿ, ಇನ್ನೆಲ್ಲಿ ಜಾರ್ತಾರೆ."

"ಎಷ್ಟು ಆಳ ಇತ್ತು?"

ಅವಳು ಎಲೆ ಒರೆಸುವುದನ್ನು ನಿಲ್ಲಿಸಲಿಲ್ಲ. "ಕಾಲಿಗೆ ಏನೂ ಸಿಗಲಿಲ್ಲ. ಹೊರೆ ತೇಲ್ತಾ ಇತ್ತು, ಹಿಡ್ಕೊಂಡೆ. ಎರಡನೇ ಹೊರೆ ಪೂರ್ತಿ ಹಾಳಾಯ್ತು ನೋಡು."

ಅವಳು ದುಃಖಪಡುತ್ತಿದ್ದದ್ದು ಸೊಪ್ಪಿಗಾಗಿ. ನಾನು ಗೋಡೆಗೆ ಒರಗಿ ಕುಳಿತೆ. "ಈ ಬೆಳೆ ಮುಗಿಸಿ ಹುಳ ಸಾಕೋದು ಬಿಟ್ಟುಬಿಡಣ," ಎಂದೆ.

"ಬಿಟ್ಟು?"

"ತೋಟ ಯಾರಿಗಾದ್ರೂ ಗುತ್ತಿಗೆ ಕೊಡಣ."

"ನೀರಿಲ್ದೆ ಇದ್ದಾಗ ಹನ್ನೆರಡು ವರ್ಷ ಕೊಡ ಹೊತ್ತು ಉಳಿಸ್ಕೊಂಡಿರೋ ತೋಟ ಕಣಯ್ಯ ಅದು. ಈಗ ನೀರು ಬಂತು ಅಂತ ಬಿಡ್ಲಾ?" ಎಂದಳು. ಅವಳ ತವರು ಚಿಂತಾಮಣಿಯಿಂದಾಚೆ, ಆಂಧ್ರದ ಗಡಿಗೆ ಹತ್ತಿರ. ತೀರ್ಮಾನದ ಮಾತುಗಳೆಲ್ಲ ಅವಳಿಗೆ ತೆಲುಗಿನಲ್ಲೇ ಬರುತ್ತವೆ. "ಕಾದು," ಎಂದಳು. ಆಗುವುದಿಲ್ಲ ಎಂದರ್ಥ. ಅವಳು 'ಕಾದು' ಎಂದ ಯಾವ ವಿಷಯವೂ ನಮ್ಮ ಮನೆಯಲ್ಲಿ ಈವರೆಗೆ ಆದದ್ದಿಲ್ಲ.

ಹುಳುಗಳು ಗೂಡು ಕಟ್ಟಿದವು. ತೋಟವನ್ನು ಸವರಿದರೆ ಸೊಪ್ಪು ಮತ್ತೆ ಕೊಯ್ಲಿಗೆ ಬರಲು ಸುಮಾರು ಐವತ್ತು ದಿನ ಬೇಕು. ಆ ಐವತ್ತು ದಿನದೊಳಗೆ ಅವಳು ನೀರಿಗಿಳಿಯದ ಹಾಗೆ ನಾನೇನಾದರೂ ಮಾಡಬೇಕಿತ್ತು. ದೋಣಿಯ ಯೋಚನೆ ಬಂದದ್ದು ಹೀಗೆ.

ಯೋಚನೆ ಬಾಯಿಗೆ ಬಂದ ದಿನವೇ ಚಹಾ ಅಂಗಡಿಯಲ್ಲಿ ಮುನಿವೆಂಕಟಪ್ಪ ತಡೆದ. ಆತ ಊರಿನ ಹಳೆಯ ಪಟೇಲರ ಮನೆತನದವನು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು.

"ಈ ಕೆರೇಲಿ ದೋಣಿ ಬಿಡಂಗಿಲ್ಲ ನಾರಾಯಣಪ್ಪ. ನಡುಮಧ್ಯೆ ಸುಳಿ ಐತೆ. ನಮ್ಮ ತಾತನ ಕಾಲದಲ್ಲಿ ಒಂದು ದೋಣಿ ಜನದ ಸಮೇತ ಹೋಯ್ತಲ್ಲ, ಗೊತ್ತಿಲ್ವಾ?"

"ಎಷ್ಟು ಜನ ಹೋದ್ರು?"

"ಹನ್ನೆರಡು. ಮದುವೆ ದಿಬ್ಬಣ."

"ನಿಮ್ಮ ಚಿಕ್ಕಪ್ಪ ಏಳು ಜನ, ರಾಗಿ ಮೂಟೆ ಸಾಗಿಸ್ತಿದ್ರು ಅಂತ ಹೇಳ್ತಿದ್ದ."

"ಏಳೋ ಹನ್ನೆರಡೋ. ಹೋಗಿದ್ದು ಮಾತ್ರ ಸತ್ಯ."

"ಯಾಕೆ ಮುಳುಗ್ತು?"

ಮುನಿವೆಂಕಟಪ್ಪ ಲೋಟದೊಳಗೆ ನೋಡಿದ. "ಹತ್ತಬಾರದೋರು ಹತ್ತಿದ್ರಂತೆ. ಗಂಗಮ್ಮ ಸಹಿಸಲಿಲ್ಲ."

"ಹತ್ತಬಾರದೋರು ಅಂದ್ರೆ ಯಾರು?"

"ಯಾರೋ ಬಿಡಪ್ಪ. ಹಳೇ ಕಾಲದ ಮಾತು."

ಯಾರೆಂಬುದು ನನಗೆ ಗೊತ್ತಿತ್ತು. ಈ ಕಥೆಯನ್ನು ನಾನು ಚಿಕ್ಕಂದಿನಿಂದ ಐದಾರು ಬಾಯಿಗಳಲ್ಲಿ ಕೇಳಿದ್ದೆ. ದೋಣಿ ಮುಳುಗಿದ ಕಾರಣ, ಸತ್ತವರ ಸಂಖ್ಯೆ, ಕಾಲ ಎಲ್ಲವೂ ಬೇರೆ ಬೇರೆಯಾಗಿರುತ್ತಿದ್ದವು; ತಪ್ಪು ಮಾತ್ರ ಪ್ರತಿ ಸಲವೂ ನಮ್ಮ ಬೀದಿಯವರದಾಗಿರುತ್ತಿತ್ತು. ನನ್ನ ಅಪ್ಪನೂ ಅದನ್ನು ನಂಬಿದ್ದ. ಕೆರೆಯ ಹತ್ತಿರ ಹೋದಾಗ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ. ಮುಂದೆ ನಾನು ಮನೆಯ ಗೋಡೆಗೆ ಬುದ್ಧನ ಪಟ ತೂಗುಹಾಕಿದ ಮೇಲೆ ಅನೇಕ ಭಯಗಳನ್ನು ಬಿಟ್ಟೆ. ಆದರೆ ಈ ಸುಳಿಯನ್ನು ಅಳೆದು ನೋಡುವ ಅವಕಾಶ ಅಲ್ಲಿಯವರೆಗೆ ಬಂದಿರಲಿಲ್ಲ, ಏಕೆಂದರೆ ಕೆರೆಯಲ್ಲಿ ನೀರೇ ಇರಲಿಲ್ಲ.

ಲಾರಿಯ ಟ್ಯೂಬಿಗೆ ಗಾಳಿ ತುಂಬಿಸಿ, ಮೂರು ಮೂರು ಅಡಿಗೆ ಬಣ್ಣದ ಬಟ್ಟೆ ಕಟ್ಟಿದ ಹಗ್ಗಕ್ಕೆ ಒಂದು ಗುಂಡುಕಲ್ಲು ಬಿಗಿದು, ನಾಲ್ಕು ಬೆಳಗ್ಗೆ ನಾನು ಕೆರೆಯನ್ನು ಅಳೆದೆ. ದಡದ ಮರಕ್ಕೆ ಕಟ್ಟಿದ್ದ ಉದ್ದನೆಯ ಇನ್ನೊಂದು ಹಗ್ಗದ ತುದಿ ನನ್ನ ಸೊಂಟದಲ್ಲಿತ್ತು. ರತ್ನಮ್ಮ ದಡದಲ್ಲಿ ಕುಳಿತು ಅದನ್ನು ಹಿಡಿದುಕೊಂಡಿದ್ದಳು.

"ಅರವತ್ತೆಂಟು ವರ್ಷಕ್ಕೆ ಟ್ಯೂಬಲ್ಲಿ ಆಟ ಆಡೋ ಯೋಗ ಬಂತಪ್ಪ ನಿಂಗೆ," ಎಂದಳು.

ಕೆರೆಯ ನಡುವೆ ಸುಳಿಯಿರಲಿಲ್ಲ. ಅಲ್ಲಿ ಒಂದೂವರೆ ಆಳಿನಷ್ಟು ನೀರು ಎಣ್ಣೆಯಂತೆ ನಿಂತಿತ್ತು. ಆದರೆ ರತ್ನಮ್ಮ ದಾಟುತ್ತಿದ್ದ ಮೇಲ್ತುದಿಯಲ್ಲಿ, ಎದೆಮಟ್ಟದ ನೀರಿನ ಪಕ್ಕದಲ್ಲೇ, ನನ್ನ ಹಗ್ಗ ಇದ್ದಕ್ಕಿದ್ದಂತೆ ಐದು ಬಟ್ಟೆಯಷ್ಟು ಕೆಳಗೆ ಹೋಯಿತು. ಕೆರೆ ಒಣಗಿದ್ದಾಗ ಜೆಸಿಬಿಗಳು ಮಣ್ಣು ತೆಗೆದು ಹೋದ ಗುಂಡಿಗಳವು. ಅಂಚು ಗೋಡೆಯಂತೆ ನೆಟ್ಟಗೆ, ಮೇಲಿನಿಂದ ನೋಡಿದರೆ ಒಂದೇ ಸಮನೆ ಕೆಂಪು ನೀರು. ಅಂಥ ಏಳು ಗುಂಡಿಗಳನ್ನು ನಾನು ಗುರುತು ಮಾಡಿದೆ. ಜನ ಹೆದರುತ್ತಿದ್ದ ಕಡೆ ಅಪಾಯವಿರಲಿಲ್ಲ. ಸುಳಿಗೆ ಹೆದರಿ ನಡುವನ್ನು ಬಿಟ್ಟು ಅವರು ಎಲ್ಲಿ ಇಳಿಯುತ್ತಿದ್ದರೋ ಅಲ್ಲಿಯೇ ಇತ್ತು. ಇದನ್ನು ಚಹಾ ಅಂಗಡಿಯಲ್ಲಿ ಹೇಳಿದೆ. ಮುನಿವೆಂಕಟಪ್ಪ, "ಸುಳಿ ಅನ್ನೋದು ನಿನ್ನ ಹಗ್ಗಕ್ಕೆ ಸಿಗಲ್ಲ ಕಣೋ," ಎಂದ.

ದೋಣಿಯನ್ನು ಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ವಿಚಾರಿಸಿದೆ. ಸಿಗುತ್ತಿದ್ದ ಹರಿಗೋಲು ನಾಲ್ಕು ಹೊರೆ ಹೇರಿದರೆ ಬುಗುರಿಯಂತೆ ತಿರುಗುತ್ತದೆ. ಫೈಬರಿನದು ಬರಲು ಮೂರು ತಿಂಗಳೆಂದರು. ಇವು ಕಾರಣಗಳು. ಇವುಗಳ ಹಿಂದೆ ನನ್ನ ಹಟವೂ ಇತ್ತೆಂಬುದನ್ನು ಈಗ ಒಪ್ಪಿಕೊಳ್ಳಬಹುದು.

ಕಲಿಕೆ ಮೊಬೈಲಿನಿಂದ ಆರಂಭವಾಯಿತು. ಯಾವುದೋ ಚಳಿದೇಶದವನೊಬ್ಬ ಮನೆಯಂಗಳದಲ್ಲಿ ಚಪ್ಪಟೆ ತಳದ ದೋಣಿ ಮಾಡುತ್ತಿದ್ದ. ಅವನ ಭಾಷೆ ತಿಳಿಯದ್ದರಿಂದ ಧ್ವನಿ ತೆಗೆದು ಕೈಗಳನ್ನಷ್ಟೇ ನೋಡಿದೆ. ಎಷ್ಟು ಭಾರಕ್ಕೆ ಎಷ್ಟು ಅಗಲ ಬೇಕೆಂಬುದಕ್ಕೆ ಒಂಬತ್ತನೆಯ ತರಗತಿಯ ವಿಜ್ಞಾನದ ಪುಸ್ತಕ ತೆಗೆದೆ. ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೋ ಆ ನೀರಿನ ತೂಕದಷ್ಟು ಅದು ಹಗುರವಾಗುತ್ತದೆಂದು ಅದರಲ್ಲಿತ್ತು. ಅಚ್ಚಾದದ್ದೆಲ್ಲ ನಿಜವಾಗಬೇಕಾಗಿಲ್ಲವೆಂದು ಗೂಡು ತೂಗುವ ತಕ್ಕಡಿಗೆ ಇಟ್ಟಿಗೆ ಕಟ್ಟಿ ತುಂಬಿದ ಬಕೆಟ್ಟಿನಲ್ಲಿ ಇಳಿಸಿ, ಚೆಲ್ಲಿದ ನೀರನ್ನು ಹಿಡಿದು ತೂಗಿ ನೋಡಿದೆ. ಪುಸ್ತಕ ಸರಿಯಾಗಿತ್ತು. ನನಗೆ ಸ್ವಲ್ಪ ನಿರಾಶೆಯೂ ಆಯಿತು.

ಬೆಳೆ ಮುಗಿದು ಹುಳುಮನೆ ಖಾಲಿಯಿತ್ತು. ಅದರ ನೆಲದ ಮೇಲೆ ಸೀಮೆಸುಣ್ಣದಿಂದ ಹನ್ನೊಂದು ಅಡಿ ಉದ್ದದ ದೋಣಿಯನ್ನು ಬರೆದೆ. ಚಿಂತಾಮಣಿಯಿಂದ ಮಾವಿನ ಹಲಗೆಗಳು ಬಂದವು. ಪಕ್ಕೆಗಳಿಗೆ ಜಾಲಿಯ ಬಾಗಿದ ಕೊಂಬೆಗಳನ್ನು ಕಡಿದು ತಂದೆ. ಮೊಳೆಯ ಮೇಲೆ ನಂಬಿಕೆ ಸಾಲದೆ, ಹಲಗೆಗಳ ಅಂಚಿನಲ್ಲಿ ತೂತು ಕೊರೆದು ದಪ್ಪ ತಾಮ್ರದ ತಂತಿಯಿಂದ ಹೊಲಿದೆ. ನಲವತ್ತು ವರ್ಷ ತಂತಿ ಸುತ್ತಿದ ಬೆರಳುಗಳಿಗೆ ಗೊತ್ತಿದ್ದ ಕೆಲಸ ಅದೊಂದೇ. ಉಳಿದದ್ದರಲ್ಲಿ ನಾನು ಹಸಿ ಕೂಸು. ಮೊದಲ ಹಲಗೆಯನ್ನು ಬಗ್ಗಿಸಲು ಹೋಗಿ ಸೀಳಿದೆ. ಎರಡನೆಯದನ್ನು ತಲೆಕೆಳಗಾಗಿ ಕತ್ತರಿಸಿದೆ. ಉಳಿ ಜಾರಿ ಹೆಬ್ಬೆರಳಿನ ಬುಡ ತೆರೆದುಕೊಂಡಾಗ ರತ್ನಮ್ಮ ಗಾಯಕ್ಕೆ ಅರಿಸಿನ ಮೆತ್ತಿ, "ದೋಣಿ ಆಗೋ ಹೊತ್ತಿಗೆ ನೀನು ಇಷ್ಟೂ ಉಳೀತೀಯೋ ಇಲ್ವೋ," ಎಂದಳು.

ಊರಿನಲ್ಲಿ ಮರದ ಕೆಲಸ ಬಲ್ಲವನು ವೀರಾಚಾರಿ ಒಬ್ಬನೇ. ಎಂಬತ್ತು ದಾಟಿದವನು, ಒಂದು ಕಾಲಕ್ಕೆ ಈ ಸುತ್ತಿನ ಎತ್ತಿನ ಗಾಡಿಗಳ ಚಕ್ರಗಳೆಲ್ಲ ಅವನ ಕೈಯವೇ. ಗಾಡಿಗಳು ಹೋದ ಮೇಲೆ ಜಗಲಿಯ ಮೇಲೆ ಕುಳಿತು ಸಿಕ್ಕಿದವರ ಮರಗೆಲಸದಲ್ಲಿ ಕೊಂಕು ಹುಡುಕುವುದೇ ಅವನ ಕಸುಬಾಗಿತ್ತು. ಅವನನ್ನು ಸಲಹೆ ಕೇಳಿದೆ.

"ದೋಣಿ ನಮ್ಮ ಶಾಸ್ತ್ರದಲ್ಲಿಲ್ಲಪ್ಪ. ನಿನ್ನ ಮೊಬೈಲಲ್ಲಿ ಐತಲ್ಲ, ಅದನ್ನೇ ಕೇಳು. ನಾಳೆ ಅದೇ ಹುಟ್ಟೂ ಹಾಕ್ಲಿ," ಎಂದ.

ಮೂವತ್ತೈದು ದಿನಕ್ಕೆ ದೋಣಿಯ ಆಕಾರ ಬಂತು. ಸಂದುಗಳಿಗೆ ಗಟ್ಟಿಯಾಗುವ ಅಂಟು ತುಂಬಿ, ಒಳಗೂ ಹೊರಗೂ ಬಣ್ಣ ಬಳಿದೆ. ಆಮೇಲೆ ನಾನು ಮಾಡಿದ ತಪ್ಪನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ನನ್ನೊಬ್ಬನ ತಪ್ಪಲ್ಲ, ನಮ್ಮ ಸೀಮೆಯ ತಪ್ಪು. ಬಯಲುಸೀಮೆಯವರು ಯಾವುದನ್ನು ಕಾಪಾಡಬೇಕಾದರೂ ಒಣಗಿಸುತ್ತೇವೆ. ರಾಗಿಯನ್ನು, ಹುಣಸೆಯನ್ನು, ಅವರೆಯನ್ನು, ಗೂಡನ್ನು, ಬೆರಣಿಯನ್ನು. ತೇವವೆಂದರೆ ಕೇಡು ಎಂಬುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ಎಲ್ಲವನ್ನೂ ಅನುಮಾನಿಸುವ ನಾನು ಇದನ್ನು ಅನುಮಾನಿಸಲಿಲ್ಲ. ಬಣ್ಣ ಚೆನ್ನಾಗಿ ಕೂರಲೆಂದು ಹುಳುಮನೆಯ ಬಾಗಿಲು ಕಿಟಕಿ ಮುಚ್ಚಿ, ಚಳಿಗಾಲದಲ್ಲಿ ಹುಳುಗಳಿಗೆ ಇಡುವ ಕುಂಪಟಿ ಎಂಬ ಇದ್ದಿಲ ಒಲೆಯನ್ನು ಇಟ್ಟು, ಎಂಟು ದಿನ ದೋಣಿಯನ್ನು ಬೆಚ್ಚಗೆ ಒಣಗಿಸಿದೆ.

ನೀರಿಗಿಳಿಸಿದ ಬೆಳಗ್ಗೆ ಏರಿಯ ಮೇಲೆ ಜನ ಸೇರಿದ್ದರು. ನಾನೊಬ್ಬನೇ ಹತ್ತಿದೆ. ದಡದಿಂದ ಮೂವತ್ತು ಅಡಿ ಹೋಗಿರಬಹುದು, ತಳದ ಒಂದು ಸಂದಿನಿಂದ ನೀರು ದಾರದಂತೆ ಏಳತೊಡಗಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲ ಸಂದುಗಳಿಂದಲೂ. ನಾನು ಲೋಟದಿಂದ ಎತ್ತಿ ಹಾಕುತ್ತಿದ್ದಂತೆಯೇ ದೋಣಿ ಯಾವ ಗಡಿಬಿಡಿಯೂ ಇಲ್ಲದೆ, ಕೋಣ ಮಲಗುವ ಹಾಗೆ ಮಲಗಿತು. ಸೊಂಟದ ಮಟ್ಟದ ನೀರಿನಲ್ಲಿ ನಾನು ನಿಂತಿದ್ದೆ.

"ಸುಳಿ ಸಿಕ್ತಾ ನಾರಾಯಣಪ್ಪ?" ಎಂದು ಮುನಿವೆಂಕಟಪ್ಪ ಏರಿಯಿಂದ ಕೇಳಿದ. ಜನ ನಕ್ಕರು. ರತ್ನಮ್ಮ ನಗಲಿಲ್ಲ. ಅವಳು ಬಂದು ದೋಣಿಯ ಹಗ್ಗದ ಒಂದು ತುದಿ ಹಿಡಿದು ಎಳೆದಳು. ಮನೆಯ ದಾರಿಯಲ್ಲಿ, "ಚಾಕಿ ಹುಳಕ್ಕೆ ಹೇಳ್ಬಿಟ್ಟಿದೀನಿ. ಶುಕ್ರವಾರ ತರ್ಬೇಕು," ಎಂದಳು. ಸಾಕಣೆ ಕೇಂದ್ರದಲ್ಲಿ ಎರಡನೆಯ ಜ್ವರದವರೆಗೆ ಬೆಳೆಸಿ ಕೊಡುವ ಮರಿಹುಳುಗಳು ಅವು. ಬಂದ ಮೇಲೆ ಹತ್ತು ದಿನಕ್ಕೆಲ್ಲ ಹೊರೆ ಹೊರೆಯಾಗಿ ಸೊಪ್ಪು ಬೇಕಾಗುತ್ತದೆ. ದೋಣಿಯಾಗದಿದ್ದರೆ ಅವಳು ಮತ್ತೆ ಆ ಗುಂಡಿಗಳ ನಡುವೆ ಇಳಿಯುವವಳೇ.

ನಾನು ದೋಣಿಯನ್ನು ಅಂಗಳದಲ್ಲಿ ಕವುಚಿ ಮತ್ತೆ ಬಿಸಿಲಿಗೆ ಒಣಗಿಸಿದೆ. ಸಂದುಗಳು ಇನ್ನೂ ಅಗಲವಾದವು. ಇನ್ನಷ್ಟು ಅಂಟು ತುಂಬಿದೆ. ನಾಲ್ಕನೆಯ ದಿನ, ಕೋಲೂರಿಕೊಂಡು ವೀರಾಚಾರಿ ತಾನಾಗಿ ಬಂದ.

"ಮರಾನ ಹಿಂಸೆ ಮಾಡ್ತಾವ್ನೆ ಅಂತ ಕೇಳ್ದೆ. ನೋಡೋಗಣ ಅಂತ ಬಂದೆ."

ದೋಣಿಯ ಸುತ್ತ ಒಂದು ಸುತ್ತು ಬಂದು, ಒಂದು ಸಂದಿನೊಳಗೆ ಹೆಬ್ಬೆರಳಿನ ಉಗುರಿಟ್ಟು ನೋಡಿ, ಕಲ್ಲಿನ ಮೇಲೆ ಕುಳಿತ.

"ಹೊಲಿಗೆ ಪರವಾಗಿಲ್ಲ. ಯಾರು ಕಲಿಸಿದ್ದು?"

"ಮೋಟಾರು."

"ಹ್ಞೂ. ನಿಮ್ಮಪ್ಪ ಯಾರದೋ ಗಾಡಿ ಹೊಡೀತಿದ್ದನಲ್ಲ, ಬೇಸಿಗೇಲಿ ಚಕ್ರ ಸಡ್ಲ ಆದ್ರೆ ಏನ್ಮಾಡ್ತಿದ್ದ?"

ನನಗೆ ಥಟ್ಟನೆ ನೆನಪಾಯಿತು. ಬೇಸಿಗೆಯ ಒಣ ಗಾಳಿಗೆ ಚಕ್ರದ ಮರ ಕುಗ್ಗಿ, ಅರೆಗಳು ಲೊಟಗುಟ್ಟಿ, ಕಬ್ಬಿಣದ ಪಟ್ಟಿ ಕಳಚುವಂತಾದಾಗ ಅಪ್ಪ ಚಕ್ರಗಳನ್ನು ಬಿಚ್ಚಿ ಕುಂಟೆಯ ನೀರಿನಲ್ಲಿ ಮುಳುಗಿಸಿಡುತ್ತಿದ್ದ. ಎರಡು ದಿನ ಕಳೆದು ತೆಗೆದರೆ ಚಕ್ರ ಹೊಸದರಂತೆ ಬಿಗಿ.

"ನೀರಿಗೆ ಹಾಕ್ತಿದ್ದ," ಎಂದೆ.

"ಅಷ್ಟು ಗೊತ್ತಿದ್ದೂ ಕುಂಪಟಿ ಇಟ್ಟೆಯಲ್ಲಪ್ಪ, ದೋಣಿಗೇನು ಬಾಣಂತನ ಮಾಡ್ತಿದ್ದಾ?" ಎಂದ. "ಈ ಗಟ್ಟಿ ಅಂಟೆಲ್ಲ ಕೀಳು. ಮರ ಹಿಗ್ಗೋಕೆ ಬಂದಾಗ ಇದು ಅಡ್ಡ ನಿಂತು ಹಲಗೆ ಸೀಳ್ತದೆ. ಮೆತ್ತಗಿರೋದು ಏನಾದ್ರೂ ತುಂಬು. ಒಳಗಿನ ಬಣ್ಣ ಕೆರೆದು ಹಾಕು. ಮರಾನೂ ನೀರು ಕುಡೀಬೇಕು ತಾನೇ?"

ಮೆತ್ತಗಿರುವುದು ಶಿಡ್ಲಘಟ್ಟದಲ್ಲಿ ಬೇಕಾದಷ್ಟು ಸಿಗುತ್ತದೆ. ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆಯ ಕಸವನ್ನು ನೂಲು ಬಿಚ್ಚುವ ಪರಿಚಯದ ಕಾರ್ಖಾನೆಯಿಂದ ಒಂದು ಚೀಲ ತಂದೆ. ಅದನ್ನು ರಾಳ ಕರಗಿಸಿದ ಹೊಂಗೆ ಎಣ್ಣೆಯಲ್ಲಿ ಅದ್ದಿ ಸಂದುಗಳಿಗೆ ತುರುಕಿದೆ. ವೀರಾಚಾರಿ ಎರಡು ದಿನ ಪಕ್ಕದಲ್ಲಿ ಕುಳಿತು ಬೈದ. ಶುಕ್ರವಾರ ಬೆಳಗ್ಗೆ, ರತ್ನಮ್ಮ ಚಾಕಿ ಹುಳು ತರಲು ಶಿಡ್ಲಘಟ್ಟಕ್ಕೆ ಹೋದ ಮೇಲೆ, ನಾನೂ ವೀರಾಚಾರಿಯೂ ದೋಣಿಯನ್ನು ಎತ್ತಿನಗಾಡಿಯಿಲ್ಲದ ಈ ಕಾಲದಲ್ಲಿ ಒಂದು ಟ್ರ್ಯಾಕ್ಟರಿನ ಹಿಂದೆ ಹೇರಿ ಕೆರೆಗೆ ತಂದೆವು. ಎದೆಮಟ್ಟದ ನೀರಿಗೆ ತಳ್ಳಿ, ನಾನೇ ಒಂದೊಂದಾಗಿ ಕಲ್ಲು ಹೇರಿ ಅದನ್ನು ಮುಳುಗಿಸಿದೆ. ಐವತ್ತು ದಿನ ತೇಲಲೆಂದು ದುಡಿದ ವಸ್ತುವನ್ನು ಕೈಯಾರೆ ಮುಳುಗಿಸುವಾಗ ಆಗುವ ಭಾವನೆಗೆ ನನ್ನ ಬಳಿ ಹೆಸರಿಲ್ಲ. ಕೊನೆಯ ಗುಳ್ಳೆಗಳು ಎದ್ದವು, ನೀರು ಮುಚ್ಚಿಕೊಂಡಿತು. ಬಟ್ಟೆ ಹಿಂಡಿಕೊಂಡು ವೀರಾಚಾರಿಯ ಮನೆಗೆ ಚಹಾ ಕುಡಿಯಲು ಹೋದೆ.

ದೂರದ ಹೊಲದಿಂದ ಯಾರೋ ನೋಡಿದ್ದರಂತೆ. ದೋಣಿಯ ಪಕ್ಕದಲ್ಲಿ ನನ್ನ ತಲೆ ಕಾಣಿಸಿತು, ದೋಣಿ ಮುಳುಗಿತು, ತಲೆಯೂ ಕಾಣಿಸಲಿಲ್ಲ. ನಾನು ಆಗ ಕಲ್ಲು ಸರಿಪಡಿಸಲು ಬಗ್ಗಿದ್ದೆ. ಅರ್ಧ ಗಂಟೆಯಲ್ಲಿ ಸುದ್ದಿ ಊರು ದಾಟಿತು. ಶಿಡ್ಲಘಟ್ಟದಲ್ಲಿ ಹುಳುವಿನ ತಟ್ಟೆಗಳನ್ನು ಆಟೋಗೆ ಇಡುತ್ತಿದ್ದ ರತ್ನಮ್ಮನಿಗೆ ಫೋನು ಹೋಯಿತು. ನನ್ನ ಫೋನು ಹುಳುಮನೆಯ ಕಿಟಕಿಯಲ್ಲಿ ರಿಂಗಾಗುತ್ತಿತ್ತು.

ಏರಿಯ ಕಡೆ ಜನ ಓಡುವುದನ್ನು ಕಂಡು, ಯಾರಿಗೆ ಏನಾಯಿತೋ ಎಂದು ನಾನೂ ಹೋದೆ. ನನ್ನನ್ನು ಕಂಡು ಜನ ದಾರಿ ಬಿಟ್ಟರು. ಅಷ್ಟರಲ್ಲಿ ಆಟೋ ಬಂತು. ರತ್ನಮ್ಮ ಇಳಿದಳು. ಅವಳ ತೊಡೆಯ ಮೇಲಿದ್ದ ಹುಳುವಿನ ತಟ್ಟೆ ಕೈಯಲ್ಲೇ ಇತ್ತು, ಕೆಳಗಿಡುವುದು ತೋಚಿರಲಿಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ದೋಣಿ?" ಎಂದಳು.

"ನಾನೇ ಮುಳುಗಿಸಿದೆ. ನೆನೀಬೇಕು. ಚಕ್ರದ ಹಾಗೆ."

ಅವಳು ಏರಿಯ ಕಲ್ಲಿನ ಮೇಲೆ ಕುಳಿತಳು. ತಟ್ಟೆಯ ಮೇಲೆ ಹೊದಿಸಿದ್ದ ಕಾಗದವನ್ನು ಸರಿಪಡಿಸಿದಳು. "ದಾರೀಲಿ ಪೂರ್ತಿ ಲೆಕ್ಕ ಹಾಕ್ಕೊಂಡು ಬಂದೆ," ಎಂದಳು. "ನನ್ನ ದೆಸೆಯಿಂದ ಹೋದ ಅಂತ. ಬಿಡು ಅಂದ್ರೂ ಬಿಡ್ಲಿಲ್ಲವಲ್ಲ ನಾನು."

"ಏನೂ ಆಗಿಲ್ಲ ಕಣೇ."

"ಆಗಿಲ್ಲ, ಗೊತ್ತು. ಹೇಳಿ ಮುಳುಗ್ಸಿದ್ರೆ ಗಂಟು ಹೋಗ್ತಿತ್ತಾ? ನಡಿ, ಹುಳಕ್ಕೆ ಬಿಸಿಲು ಬೀಳ್ತೈತೆ."

ಸಂಜೆ ವೀರಾಚಾರಿ ಒಂದು ಮಾತು ಹೇಳಿದ. ಅವನ ತಾತ ತೂಬಿನ ರಿಪೇರಿಗಾಗಿ ಈ ಕೆರೆಗೆ ಒಂದು ದೋಣಿ ಮಾಡಿದ್ದನಂತೆ. ಮಾಡಿದ್ದರೆ ಅದನ್ನೂ ನೆನೆಸಿಯೇ ಇರಬೇಕು, ನೆನೆಸಿದ್ದನ್ನು ಯಾರಾದರೂ ದೂರದಿಂದ ನೋಡಿಯೂ ಇರಬಹುದು. ಮುಳುಗಿದವರೇ ಇಲ್ಲದ ದೋಣಿಗೆ ಏಳೋ ಹನ್ನೆರಡೋ ಜನರನ್ನು ಹತ್ತಿಸುವುದಕ್ಕೆ ಎಷ್ಟು ಕಾಲ ಬೇಕೆಂಬುದು ನನಗೆ ಅಂದು ಮಧ್ಯಾಹ್ನ ತಿಳಿದಿತ್ತು. ಇದು ನನ್ನ ಬೀದಿಯ ಮೇಲಿನ ಅಪವಾದವನ್ನು ಅಳಿಸುವ ವಿವರಣೆ, ನನಗೆ ಬಹಳ ಹಿಡಿಸಿದ ವಿವರಣೆ. ಆದರೆ ವೀರಾಚಾರಿಯೂ ಅದನ್ನು ಕೇಳಿ ತಿಳಿದವನೇ. ನನಗೆ ಅನುಕೂಲವಾಗಿದೆ ಎಂಬ ಕಾರಣಕ್ಕೆ ಅದನ್ನು ನಿಜವೆಂದು ಬರೆಯಲಾರೆ. ಹೀಗೂ ಆಗಿರಬಹುದು ಎಂದಷ್ಟೇ ಹೇಳಬಲ್ಲೆ.

ಮೂರು ದಿನ ಕಳೆದು ಕಲ್ಲು ತೆಗೆದು ದೋಣಿಯನ್ನು ಎತ್ತಿದೆವು. ನೀರು ಚೆಲ್ಲಿ ಮತ್ತೆ ತೇಲಿಸಿ, ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ದಡದಲ್ಲಿ ಕುಳಿತು ಅದರ ತಳವನ್ನು ನೋಡಿದೆ. ಒಂದು ಮೂಲೆಯಲ್ಲಿ ಅಂಗೈಯಷ್ಟು ತೇವ ಕಂಡಿತು, ಬೆಳೆಯಲಿಲ್ಲ. ಹಲಗೆಗಳು ಒಂದರ ಭುಜಕ್ಕೆ ಒಂದು ಒತ್ತಿಕೊಂಡು ನಿಂತಿದ್ದವು. ಉಗುರು ಹೋಗಲಿ, ಸೂಜಿಯೂ ಹೋಗುತ್ತಿರಲಿಲ್ಲ. ರತ್ನಮ್ಮನ ತೂಕ, ನಾಲ್ಕು ಹೊರೆಯ ತೂಕ ಮತ್ತು ಅದರ ಮೇಲೆ ಅರ್ಧದಷ್ಟು ಸೇರಿಸಿ ಮರಳಿನ ಚೀಲ ಹೇರಿದೆ. ಆರು ದಿನ ಹೀಗೆ ಮರಳನ್ನೇ ಆಚೆ ಈಚೆ ದಾಟಿಸಿದೆ. ಏಳನೆಯ ದಿನ ಚೀಲಗಳನ್ನು ಇಳಿಸಿ ಅವಳನ್ನು ಕರೆದೆ. ಲಾರಿಯ ಟ್ಯೂಬನ್ನು ಅವಳು ಕೂರುವ ಹಲಗೆಗೆ ಕಟ್ಟಿದ್ದೆ. ಅವಳು ಸೀರೆಯನ್ನು ಎತ್ತಿ ಕಟ್ಟಿ, ದೋಣಿಯ ಅಂಚನ್ನು ಎರಡು ಸಲ ತಟ್ಟಿ ನೋಡಿ ಹತ್ತಿದಳು. ಹೋಗುವಾಗ ಒಂದು ಕೈಯಲ್ಲಿ ಟ್ಯೂಬನ್ನೂ ಇನ್ನೊಂದರಲ್ಲಿ ನನ್ನ ಪಂಚೆಯ ಅಂಚನ್ನೂ ಹಿಡಿದುಕೊಂಡು, ನೀರಿನತ್ತ ನೋಡದೆ ಕುಳಿತಿದ್ದಳು.

ನಾಲ್ಕನೆಯ ಜ್ವರ ಎದ್ದ ಮೇಲಿನ ವಾರ ಬಂತು. ದಿನಕ್ಕೆ ಮೂರು ಸಲ ದಾಟುತ್ತಿದ್ದೆವು. ಸೊಪ್ಪು ನೆನೆಯದೆ, ತಾಜಾ ಆಗಿಯೇ ಮನೆ ಸೇರುತ್ತಿತ್ತು. ಆ ವಾರ ಅವಳಿಗೆ ನಿದ್ದೆಯೆಂಬುದಿರುವುದಿಲ್ಲ. ಮೂವತ್ತು ವರ್ಷದಿಂದಲೂ ಹಾಗೆಯೇ. ಮೂರನೆಯ ದಿನ ಮಧ್ಯಾಹ್ನ ತೋಟದಿಂದ ಮರಳುತ್ತಿದ್ದೆವು. ನನ್ನ ಗಮನ ಹುಟ್ಟಿನ ಮೇಲಿತ್ತು. ಏನನ್ನೋ ಕೇಳಿದೆ, ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ರತ್ನಮ್ಮ ಸೊಪ್ಪಿನ ಹೊರೆಗೆ ತಲೆಯಾನಿಸಿ, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದಳು. ಟ್ಯೂಬನ್ನು ಹಿಡಿದಿರಲಿಲ್ಲ. ಒಂದು ಕೈ ದೋಣಿಯ ಅಂಚಿನಾಚೆ ಇಳಿಬಿದ್ದು ಬೆರಳ ತುದಿಗಳು ನೀರಿನಲ್ಲಿ ಗೆರೆ ಎಳೆಯುತ್ತಿದ್ದವು.

ನಾನು ಹುಟ್ಟನ್ನು ಸದ್ದಾಗದಂತೆ ಇಳಿಸಿ ಎತ್ತಿ, ಎಂದಿಗಿಂತ ನಿಧಾನವಾಗಿ ಬಂದೆ. ಎರಡು ತಿಂಗಳಿಂದ ನನ್ನ ಎದೆಯಲ್ಲಿ ಕುಳಿತಿದ್ದದ್ದು ಎಲ್ಲೋ ದಾರಿಯಲ್ಲಿ ಇಳಿದು ಹೋಗಿತ್ತು. ದೋಣಿಯ ಮೂತಿ ದಡದ ಕೆಸರಿಗೆ ತಾಕಿದಾಗ ಅವಳು ಕಣ್ಣು ಬಿಟ್ಟಳು.

"ಬಂತಾ?"

"ಬಂತು."

ಅವಳು ಸೂರ್ಯನನ್ನು ನೋಡಿದಳು, ಸೊಪ್ಪಿನೊಳಗೆ ಕೈಯಿಟ್ಟು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಇಷ್ಟು ಹೊತ್ತು ಮಾಡ್ತಾರಾ? ಹುಳ ಕಾಯ್ತಾ ಇರ್ತವೆ," ಎಂದು ಹೊರೆಯನ್ನು ತಲೆಗೇರಿಸಿಕೊಂಡು ಮುಂದೆ ನಡೆದಳು.